ಜೋಗಿಮಟ್ಟಿಯ ಗಾಳಿಗೂ ಒಂದು ಪಾಲು ಮಂಡಕ್ಕಿ

ಜೋಗಿಮಟ್ಟಿ ಹತ್ತಿ ಹಸಿದು ಕೂತವರೆಲ್ಲ ಬುತ್ತಿ ತರದವರಲ್ಲ. ತಂದವರೇ ಜಾಸ್ತಿ. ಅದು ಚಿತ್ರದುರ್ಗದಿಂದ ಹತ್ತು ಕಿಲೋಮೀಟರ್ ದೂರದ, 3,803 ಅಡಿ ಎತ್ತರದ ಗುಡ್ಡ. ಸುತ್ತಲಿನ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಅಲಂಕಾರಕ್ಕಲ್ಲ. ಡಿಸೆಂಬರಿನ ಬೆಳಿಗ್ಗೆ ಅಂಥ ಗಾಳಿಯಲ್ಲಿ ಪೇಪರ್ ಪ್ಲೇಟ್ ಬಿಚ್ಚಿ ಮಂಡಕ್ಕಿ ಹಾಕುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ.

ಭಟ್ಟಿಯ ಕಾದ ಮರಳಿಗೆ ಬಿದ್ದ ಅಕ್ಕಿ ಉಬ್ಬಿ ಮಂಡಕ್ಕಿಯಾಗುತ್ತದೆ, ಒಳಗಿರುವುದು ಬಹುಪಾಲು ಗಾಳಿಯೇ. ಹೊರಗಿನ ಗಾಳಿ ಕರೆದರೆ ಅದು ಹೋಗದೆ ಇರುತ್ತದೆಯೇ? ಮೊದಲು ಮಂಡಕ್ಕಿ ಹೋಗುತ್ತದೆ, ಹಿಂದೆಯೇ ಪ್ಲೇಟು, ಅದರ ಹಿಂದೆ ಪ್ಲೇಟಿನ ಯಜಮಾನ. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಈರುಳ್ಳಿ, ಶೇಂಗಾ ಮತ್ತು ವಿಷಾದ. ಆದ್ದರಿಂದ ಗಾಳಿಗೆ ಬೆನ್ನು ಕೊಟ್ಟು ಬಂಡೆಯ ಮರೆಯಲ್ಲಿ ಕೂರಬೇಕು, ಆಳದ ಸ್ಟೀಲ್ ಬೋಗುಣಿಯಲ್ಲೋ ಪೇಪರ್ ಪೊಟ್ಟಣದಲ್ಲೋ ತಿನ್ನಬೇಕು, ಮೇಲೆ ಎರಡು ಮಿರ್ಚಿ ಬಜ್ಜಿ ಹೇರಬೇಕು. ಇಲ್ಲಿ ಮಿರ್ಚಿ ಬರೀ ತಿಂಡಿಯಲ್ಲ, ಪೇಪರ್‌ವೇಟ್ ಕೂಡ.

ಇನ್ನು ಕೆಲವರು ಮನೆಯಲ್ಲೇ ಎಲ್ಲ ಕಲಸಿ ತರುತ್ತಾರೆ. "ಅಲ್ಲಿ ಹೋಗಿ ಯಾರು ಕಲಸ್ತಾ ಕೂರ್ತಾರೆ ಬಿಡಣ್ಣ" ಎಂಬ ದೂರದೃಷ್ಟಿ. ಉಪ್ಪು ಬಿದ್ದ ಈರುಳ್ಳಿ, ಟೊಮೆಟೊ ನೀರು ಬಿಡುತ್ತವೆ, ಮಂಡಕ್ಕಿ ಆ ನೀರನ್ನು ಕುಡಿಯುತ್ತದೆ, ಪುಟಾಣಿ ಹಿಟ್ಟು ಎರಡನ್ನೂ ಗೋಂದಿನಂತೆ ಅಂಟಿಸುತ್ತದೆ. ಒಂದೂವರೆ ತಾಸು ನಡೆದು ಡಬ್ಬಿ ಬಿಚ್ಚಿದರೆ ಒದ್ದೆ ಹತ್ತಿ. ಗಾಳಿಗೆ ಹಾರುವುದಿಲ್ಲ ಎಂಬುದೊಂದೇ ಸಮಾಧಾನ.

ನಾಲ್ಕು ಜನಕ್ಕೆ 200 ಗ್ರಾಂ ಮಂಡಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಒಣ ಡಬ್ಬಿಗೆ ತುಂಬಿ. ನಾಲ್ಕು ಚಮಚ ಎಣ್ಣೆಗೆ ಸಾಸಿವೆ, ಶೇಂಗಾ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಶಿನ ಹಾಕಿ ಮಾಡಿದ ಒಗ್ಗರಣೆಗೆ ಬೇರೆ ಬಾಟಲಿ, ಅಗಲ ಬಾಯಿಯದು. ಇಲ್ಲದಿದ್ದರೆ ಶೇಂಗಾ ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಎಣ್ಣೆ ಮಾತ್ರ ಬರುತ್ತದೆ. ಮೂರು ಚಮಚ ಪುಟಾಣಿ ಹಿಟ್ಟು ಪೊಟ್ಟಣದಲ್ಲಿರಲಿ. ಎರಡು ಈರುಳ್ಳಿ, ಒಂದು ಟೊಮೆಟೊ, ಒಂದು ನಿಂಬೆಹಣ್ಣು ಇಡಿಯಾಗಿಯೇ ಬರಲಿ. ಚಾಕು ಮರೆತರೆ ಈರುಳ್ಳಿಯನ್ನು ಗುದ್ದಿ ಒಡೆಯಬಹುದು, ಟೊಮೆಟೊ ಮೇಲೆ ಆ ಪ್ರಯೋಗ ಬೇಡ. ಮೇಲೆ ಹೋದ ಮೇಲೆ ಮೊದಲು ಒಗ್ಗರಣೆ, ಆಮೇಲೆ ಹಿಟ್ಟು, ತಿನ್ನುವ ನಿಮಿಷಕ್ಕೆ ಈರುಳ್ಳಿ, ಟೊಮೆಟೊ, ನಿಂಬೆರಸ. ಎಣ್ಣೆ ಮೊದಲು ಸವರಿಕೊಂಡರೆ ಮಂಡಕ್ಕಿ ಅಷ್ಟು ಬೇಗ ಮೆತ್ತಗಾಗದು.

ಮಿರ್ಚಿಯದು ಇನ್ನೊಂದು ಗೋಳು. ಬಾಣಲೆಯಿಂದ ತೆಗೆದದ್ದನ್ನು ಹಾಗೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ, ಅದರ ಮೇಲೇ ತೊಟ್ಟಿಕ್ಕುತ್ತದೆ. ಕಚ್ಚಿದಾಗ ಕಡಲೆಹಿಟ್ಟಿನ ಅಂಗಿ ಕೈಯಲ್ಲಿ, ಬೆತ್ತಲೆ ಮೆಣಸಿನಕಾಯಿ ಬಾಯಲ್ಲಿ! ಜಾಲರಿ ಮೇಲೆ ಕಾಲು ಗಂಟೆ ಆರಿಸಿ, ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಬುಟ್ಟಿಯಲ್ಲಿಡಿ. ಗರಿಗರಿ ಉಳಿಯುವುದಿಲ್ಲ, ಮಾನ ಉಳಿಯುತ್ತದೆ. ತಲೆಗೆ ಎರಡು ಲೀಟರ್ ನೀರು ಹೊತ್ತುಕೊಂಡೇ ಹೋಗಿ, ಮೇಲೆ ಅಂಗಡಿ ಸಿಗುತ್ತದೆಂದು ನಂಬಬೇಡಿ.

ದಾವಣಗೆರೆಯಿಂದ ಬೆಣ್ಣೆ ದೋಸೆ ಪಾರ್ಸೆಲ್ ತರುತ್ತೇನೆ ಎನ್ನುವ ನೆಂಟರನ್ನು ಪ್ರೀತಿಯಿಂದಲೇ ತಡೆಯಿರಿ. ಅರವತ್ತು ಕಿಲೋಮೀಟರ್ ದಾರಿಯಲ್ಲಿ ದೋಸೆ ಚಕ್ಕಳವಾಗುತ್ತದೆ, ಬೆಟ್ಟದ ಚಳಿಗೆ ಬೆಣ್ಣೆ ಮತ್ತೆ ಗಟ್ಟಿಯಾಗಿ ಮೇಣದಂತೆ ಅಂಗುಳಿಗೆ ಮೆತ್ತುತ್ತದೆ. ಮುದ್ದೆಯಂತೂ ಬೇಡವೇ ಬೇಡ. ಆರಿದ ಮುದ್ದೆಯನ್ನು ಏಳುಸುತ್ತಿನ ಕೋಟೆಯಲ್ಲಿ ಎಲ್ಲಾದರೂ ಕಲ್ಲು ಬಿದ್ದಿದ್ದರೆ ಅಲ್ಲಿಗೆ ಕೊಡಬಹುದು.

"ಮೂರು ಕಲ್ಲಿಟ್ಟು ಬಿಸಿ ಮಾಡೋಣ" ಎಂಬ ಸಲಹೆ ಬಂದೇ ಬರುತ್ತದೆ. ಅದು ವನ್ಯಧಾಮ, ಚಳಿಗಾಲದಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಬೆಂಕಿಕಡ್ಡಿ ಜೇಬಿನಿಂದ ಹೊರಗೆ ಬರಲೇಕೂಡದು.

ಬಿಸಿ ಬೇಕಾದರೆ ಫ್ಲಾಸ್ಕಿನ ಚಹಾ. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಚಹಾವನ್ನು ಕತ್ತಿನವರೆಗೆ ತುಂಬಿ. ಅರ್ಧ ತುಂಬಿದ ಫ್ಲಾಸ್ಕು ಬೇಗ ತಣಿಯುತ್ತದೆ. ಶುಂಠಿಯನ್ನು ನೀರಲ್ಲೇ ಚೆನ್ನಾಗಿ ಕುದಿಸಿ, ಹಾಲು ಆಮೇಲೆ. ಹಸಿ ಶುಂಠಿಯನ್ನು ನೇರ ಹಾಲಿಗೆ ಜಜ್ಜಿ ಹಾಕಿದರೆ ಹಾಲು ಒಡೆಯಬಹುದು. ಆಗ ಗುಡ್ಡದ ತುದಿಯಲ್ಲಿ, ನಡುಗುವ ಕೈಯಲ್ಲಿ ಮುಚ್ಚಳ ತಿರುವಿದಾಗ ಲೋಟಕ್ಕೆ ಬೀಳುವುದು ಚಹಾ ಬಣ್ಣದ ಪನೀರು.