ಅಜ್ಜನ ಚಾಕು ಯಾವ ಕೆಲಸದ್ದು?

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿದ್ದ ಮಡಚುವ ಚಾಕುವಿಗೆ ನನಗೆ ತಿಳಿವಳಿಕೆ ಬಂದಾಗಿನಿಂದ ಒಂದೇ ಹೆಸರು: ದಂಡಿನ ಚಾಕು. ಧಾರವಾಡದ ಮನೆಯಲ್ಲಿ ಅದನ್ನು ಯಾರು ಕೈಗೆತ್ತಿಕೊಂಡರೂ ಕಾಕಾ ಬಂದು ಪಕ್ಕದಲ್ಲಿ ನಿಂತು, "ನಮ್ಮಪ್ಪ ದಂಡಿನ್ಯಾಗಿಂದ ತಂದಿದ್ದದು, ಸಾವಕಾಶ ಹಿಡೀರಿ" ಎನ್ನುತ್ತಿದ್ದರು. ಅಜ್ಜ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದದ್ದು ನಿಜ, ಚಾಕು ಅಜ್ಜನದೆಂಬುದೂ ನಿಜ. ಈ ಎರಡು ನಿಜಗಳನ್ನು ಕೂಡಿಸಿ ಮನೆಯವರೆಲ್ಲ ಮೂರನೆಯದೊಂದನ್ನು ಕಟ್ಟಿಕೊಂಡಿದ್ದೆವು ಎಂಬುದು ಕಳೆದ ದೀಪಾವಳಿಯ ರಜೆಯಲ್ಲಿ, ಅಂಗಳದ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಕುಳಿತಾಗ ನನಗೆ ಗೊತ್ತಾಯಿತು.

ಹಳೆಯ ಕಿಸೆ ಚಾಕು ಸಿಕ್ಕೊಡನೆ ಬಹುತೇಕರು ಅಲಗನ್ನು ಬಿಚ್ಚಿ, ಅದರ ಬುಡದಲ್ಲಿ ಕಂಪನಿಯ ಹೆಸರನ್ನು ಹುಡುಕುತ್ತಾರೆ. ಅಲ್ಲಿಂದ ಆರಂಭಿಸುವುದೇ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಾಕುವನ್ನು ಯಾರು, ಎಲ್ಲಿ ಮಾಡಿದರು ಎಂಬುದನ್ನು ಮುದ್ರೆ ಹೇಳುತ್ತದೆ. ಯಾವ ಕೆಲಸಕ್ಕಾಗಿ ಮಾಡಿದರು ಎಂಬುದು ತಿಳಿಯಬೇಕಾದರೆ ಅದರ ಮೈಕಟ್ಟನ್ನೇ ನೋಡಬೇಕು. ಚಾಕು ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಮುದ್ರೆ ಗುಮಾಸ್ತನ ಚಾಕುವಿನ ಮೇಲೂ ಇರುತ್ತದೆ, ತೋಟಗಾರನ ಚಾಕುವಿನ ಮೇಲೂ ಇರುತ್ತದೆ. ಮೇಲಾಗಿ, ಹೆಸರುವಾಸಿ ಮುದ್ರೆಗಳನ್ನು ನಕಲು ಮಾಡುವ ಚಾಳಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿಪರೀತವಾಗಿತ್ತು. ಪರದೇಶದ ಸರಕಿಗೆ ಶೆಫೀಲ್ಡಿನ ಹೆಸರು ಒತ್ತಿ ಮಾರುವಂಥ ಮೋಸವನ್ನು ತಡೆಯುವುದು 1887ರಲ್ಲಿ ಬ್ರಿಟನ್ ತಂದ ಸರಕು ಮುದ್ರೆಗಳ ಕಾಯ್ದೆಯ ಉದ್ದೇಶಗಳಲ್ಲಿ ಒಂದಾಗಿತ್ತು.

ಆದ್ದರಿಂದ ಚಾಕುವನ್ನು ಮೊದಲು ಮಡಚಿಟ್ಟೇ ನೋಡಬೇಕು. ಮಡಚಿದಾಗಿನ ಉದ್ದವನ್ನು ಪಟ್ಟಿಯಿಂದ ಅಳೆದುಕೊಳ್ಳಬೇಕು, ಏಕೆಂದರೆ ಅಲಗು ಸವೆದರೂ ಹಿಡಿಕೆಯ ಉದ್ದ ಬದಲಾಗುವುದಿಲ್ಲ. ಬೆನ್ನು ನೇರವಾಗಿದೆಯೋ ಬಾಗಿದೆಯೋ, ಅಲಗುಗಳು ಒಂದೇ ತುದಿಯಲ್ಲಿ ಕೂತಿವೆಯೋ ಎರಡೂ ತುದಿಗಳಲ್ಲಿಯೋ ಎಂಬುದನ್ನು ಗಮನಿಸಬೇಕು. ಒಂದೇ ತುದಿಯಲ್ಲಿದ್ದರೆ ಸಾಮಾನ್ಯವಾಗಿ ಅದು ಜಾಕ್ ಚಾಕು, ಒರಟು ಕೆಲಸದ್ದು. ಎರಡೂ ತುದಿಗಳಲ್ಲಿ ಒಂದೊಂದು ಸಣ್ಣ ಅಲಗಿದ್ದರೆ ಪೆನ್ ಚಾಕು. ಹಕ್ಕಿಯ ಗರಿಯ ಲೇಖನಿಯ ಮೊನೆಯನ್ನು ಹೆರೆಯುತ್ತಿದ್ದ ಕಾಲದಿಂದ ಅದಕ್ಕೆ ಆ ಹೆಸರು. ಹಿಡಿಕೆ ಹನಿಯ ಆಕಾರದಲ್ಲಿದ್ದು, ಅಲಗು ಕೂಡುವ ಕಡೆ ಉದ್ದನೆಯ ಲೋಹದ ಟೋಪಿ ಇದ್ದರೆ ಅದು ಬಾರ್ಲೋ. ಬೆನ್ನು ಒಳಕ್ಕೆ ಬಾಗಿ, ಎರಡೂ ತುದಿಗಳಲ್ಲಿ ಅಲಗುಗಳಿದ್ದರೆ ಕಾಂಗ್ರೆಸ್. ಈ ಹೆಸರಿಗೂ ನಮ್ಮ ರಾಜಕೀಯ ಪಕ್ಷಕ್ಕೂ ಸಂಬಂಧವಿಲ್ಲ.

ಅಲಗಿನ ಆಕಾರಕ್ಕೆ ಬರಬೇಕಾದದ್ದು ಇದಾದ ಮೇಲೆ. ಅಮೆರಿಕದಲ್ಲಿ ದನಗಾರರಿಗಾಗಿ ರೂಪುಗೊಂಡ ಸ್ಟಾಕ್‌ಮನ್ ಚಾಕುವಿನಲ್ಲಿ ಸಾಮಾನ್ಯವಾಗಿ ಮೂರು ಅಲಗುಗಳಿರುತ್ತವೆ. ಒಂದು ಚೂಪು ಮೊನೆಯದು. ಇನ್ನೊಂದು ಕುರಿಗೊರಸಿನಂತೆ ಬಾಯಿ ನೇರವಾಗಿದ್ದು, ಬೆನ್ನು ತುದಿಗೆ ಇಳಿದುಬರುವಂಥದು. ಮೂರನೆಯದು ಮೊಂಡು ಮೊನೆಯ ಸ್ಪೇ. ಇದನ್ನು ತಿಳಿಯದವರು ಮೊನೆ ಮುರಿದು ಹೋದ ಅಲಗೆಂದು ಬಗೆಯುತ್ತಾರೆ. ದನಕರುಗಳ ಬೀಜ ತೆಗೆಯುವಾಗ ಮೊನೆ ಬೇರೆಲ್ಲಿಯೂ ಚುಚ್ಚಬಾರದೆಂದು ಅದನ್ನು ಬೇಕೆಂದೇ ಮೊಂಡಾಗಿ ಮಾಡಿರುತ್ತಾರೆ. ಹಾವೇರಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋರಿಗಳ ನಡುವೆ ಬೆಳೆದ ನನ್ನ ಗೆಳೆಯರೊಬ್ಬರು ಚಿತ್ರ ನೋಡಿದ ಕೂಡಲೇ ಅದರ ಉಪಯೋಗವನ್ನು ಹೇಳಿಬಿಟ್ಟರು.

ಇಲ್ಲಿ ಒಂದು ಎಚ್ಚರ ಬೇಕು. ಐವತ್ತು ವರ್ಷ ಸಾಣೆ ಕಂಡ ಅಲಗು ತನ್ನ ಮೂಲ ಆಕಾರದಲ್ಲಿ ಉಳಿದಿರುವುದಿಲ್ಲ. ಮಡಚಿದಾಗ ಅಲಗು ಹಿಡಿಕೆಯ ಗೂಡಿನೊಳಗೆ ತೀರ ಕೆಳಗೆ ಕುಳಿತು, ಮೊನೆಯ ಮುಂದೆ ಬಹಳ ಜಾಗ ಖಾಲಿ ಉಳಿದರೆ, ಅದು ಸವೆದ ಅಲಗೆಂದು ತಿಳಿಯಬೇಕು. ಕಣ್ಣಿಗೆ ಕಾಣುವ ಅಲಗಿಗಿಂತ ಆ ಗೂಡನ್ನು ನಂಬುವುದು ಲೇಸು.

ಈಗ ನಮ್ಮ ಚಾಕುವಿನ ಮಾತು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನ್ಯದ ಮಡಚುವ ಚಾಕುವಿನ ಚಹರೆ ಸ್ಪಷ್ಟವಾಗಿದೆ: ಗೀರು ಹಾಕಿದ ಕಪ್ಪು ಪಕ್ಕೆಗಳು, ಕುರಿಗೊರಸಿನ ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಹಲವಕ್ಕೆ ಹಗ್ಗದ ಎಳೆ ಬಿಡಿಸುವ ದಪ್ಪ ಮೊಳೆ, ದಾರ ಕಟ್ಟಲು ಲೋಹದ ಬಳೆ, ಮೈಮೇಲೆ ಸರಕಾರಿ ಸ್ವತ್ತಿನ ಗುರುತಾದ ಬಾಣದ ಮುದ್ರೆ ಮತ್ತು ಇಸವಿ. ನಮ್ಮದರಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಇರುವುದು ನೇರ ಬಾಯಿಯ ಒಂದೇ ಅಲಗು, ಕಡವೆಯ ಕೊಂಬಿನ ಹಿಡಿಕೆ, ಹಿಡಿಕೆಯ ಇನ್ನೊಂದು ತುದಿಯಲ್ಲಿ ಎಲುಬಿನಿಂದ ಮಾಡಿದ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ತೆಳುವಾದ ನಾಲಿಗೆ. ಆ ನಾಲಿಗೆಯನ್ನು ನಾವೆಲ್ಲ ಅಲಂಕಾರವೆಂದೇ ತಿಳಿದಿದ್ದೆವು. ಗಿಡಕ್ಕೆ ಕಣ್ಣು ಕಸಿ (ಇನ್ನೊಂದು ಗಿಡದ ಚಿಗುರುಮೊಗ್ಗನ್ನು ಕೂಡಿಸುವ ಕಸಿ) ಮಾಡುವಾಗ ತೊಗಟೆಯನ್ನು ಇಂಗ್ಲಿಷಿನ ಟೀ ಅಕ್ಷರದಂತೆ ಕೊಯ್ದು, ಒಳಗಿನ ಹಸಿ ಪದರಕ್ಕೆ ಗಾಯವಾಗದಂತೆ ಎಬ್ಬಿಸಿ, ಅದರೊಳಗೆ ಕಣ್ಣನ್ನು ಕೂಡಿಸಬೇಕು. ತೊಗಟೆ ಎಬ್ಬಿಸುವುದಕ್ಕೆಂದೇ ಆ ನಾಲಿಗೆ ಇರುವುದು. ಇದು ದಂಡಿನ ಚಾಕುವಲ್ಲ, ಕಸಿ ಚಾಕು. ಇನ್ನು ಹಿಡಿಕೆಯ ವಿಷಯ: ಶೆಫೀಲ್ಡಿನವರು ಕಡವೆಯ ಕೊಂಬನ್ನು ಭಾರತದಿಂದಲೇ ತರಿಸಿಕೊಳ್ಳುತ್ತಿದ್ದರು. ನಮ್ಮ ಕಾಡಿನ ಕೊಂಬು ಸಮುದ್ರ ದಾಟಿ ಹೋಗಿ, ಚಾಕುವಿಗೆ ಹಿಡಿಕೆಯಾಗಿ ತಿರುಗಿ ಬಂದಿರಬಹುದೆಂದು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಯಾವ ಕಂಪನಿಯದೆಂದು ಹೇಳುವ ಭಾಗ್ಯ ಮಾತ್ರ ನನಗಿಲ್ಲ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಸಾಣೆ ಹಿಡಿಯುವವರೊಬ್ಬರಿಗೆ ಚಾಕುವನ್ನು ಕೊಟ್ಟಿದ್ದೆ. ಅವರು ಬಾಯಿಗೆ ಸಾಣೆ ಹಿಡಿದು ಬಿಡದೆ, ಜಂಗು ಹೋಗಲೆಂದು ಇಡೀ ಅಲಗನ್ನು ಕರೆಂಟಿನ ಚಕ್ರಕ್ಕೆ ಒಡ್ಡಿ ಕನ್ನಡಿಯಂತೆ ಹೊಳೆಯಿಸಿ ಕೊಟ್ಟರು. ಮನೆಯವರಿಗೆಲ್ಲ ಸಂತೋಷವಾಯಿತು. ಆದರೆ ಅಲಗಿನ ಬುಡದ ಮುದ್ರೆಯಲ್ಲಿ ಈಗ ಉಳಿದಿರುವುದು "ಶೆಫೀಲ್ಡ್" ಎಂಬ ಶಬ್ದದ ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರಗಳು ಮಾತ್ರ. ಅದರ ಮೇಲಿನ ಸಾಲು ಪೂರ್ತಿ ಅಳಿಸಿಹೋಗಿದೆ. ಆ ಹೊಳಪನ್ನು ನೋಡಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಹಳೆಯ ಚಾಕು ಇದ್ದವರಲ್ಲಿ ಕೈಮುಗಿದು ಕೇಳುತ್ತೇನೆ: ಮೆದು ಬಟ್ಟೆಗೆ ಎರಡು ಹನಿ ಮಶೀನು ಎಣ್ಣೆ ಹಾಕಿ ಒರೆಸಿರಿ, ಅಲಗು ಮಡಚುವ ಕೀಲಿಗೆ ಒಂದು ಹನಿ ಬಿಡಿರಿ, ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಬೇಡಿರಿ. ಉಕ್ಕಿನ ಮೇಲಿನ ಕಪ್ಪು ಛಾಯೆ ಕೊಳೆಯಲ್ಲ. ಅಲಗು ಕಪ್ಪಾಗಿದೆ ಎಂದ ಮಾತ್ರಕ್ಕೆ ನೂರು ವರ್ಷ ಹಳೆಯದೆಂದು ಹೇಳುವುದೂ ಸರಿಯಲ್ಲ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿಯೇ ತಯಾರಿಸಿದ್ದರೂ, ಜಂಗು ಹಿಡಿಯುವ ಹಳೆಯ ಉಕ್ಕಿನ ಚಾಕುಗಳು ಆಮೇಲೆ ಎಷ್ಟೋ ಕಾಲ ಬರುತ್ತಲೇ ಇದ್ದವು.

ಇದನ್ನೆಲ್ಲ ಕಾಕಾನಿಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಕೊನೆಗೆ ಚಾಕುವನ್ನು ಅವರ ಕೈಗೆ ಕೊಟ್ಟು, ಆ ನಾಲಿಗೆ ಯಾವುದಕ್ಕೆಂದು ವಿವರಿಸಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ನಾಲಿಗೆಯ ಒಂದು ಅಂಚು ಇನ್ನೊಂದಕ್ಕಿಂತ ಹೆಚ್ಚು ಸವೆದು ಓರೆಯಾಗಿರುವುದನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತಿದ್ದು, "ಹಿತ್ತಲದಾಗ ಗುಲಾಬಿಗೆ ಕಣ್ಣ ಹಾಕತಿದ್ದ ನಮ್ಮಪ್ಪ. ಬಾಳೀನಾರು ತೊಯಿಸಿ ಹಿಡ್ಕೊಂಡು ಬಾಜೂಕ ನಿಂದರತಿದ್ದೆ ನಾ" ಎಂದರು.