ಹೆತ್ತ ತಾಯಿಯ ಬಾಗಿಲು ತಟ್ಟುವವರು ಯಾರು?

ಇಂಗ್ಲೆಂಡಿನಲ್ಲಿ ನಾರ್ಕ್ಯಾಪ್ ಅಂತ ಒಂದು ಸಂಸ್ಥೆ ಇತ್ತು. ದತ್ತು ಹೋದವರನ್ನೂ ಹೆತ್ತವರನ್ನೂ ಮತ್ತೆ ಸೇರಿಸುವುದು ಅದರ ಕೆಲಸ. ತಾವೂ ದತ್ತುಮಗಳಾದ ಪ್ಯಾಮ್ ಹಾಡ್ಜ್‌ಕಿನ್ಸ್ 1982ರಲ್ಲಿ ಶುರುಮಾಡಿದರು, 2013ರಲ್ಲಿ ಮುಚ್ಚಿತು. ಇಲ್ಲೇ ನೆಲೆಸಿರುವ ನನಗೆ, ಅಂಥದ್ದೊಂದು ನಮ್ಮ ಕರ್ನಾಟಕದಲ್ಲೂ ಬೇಕು ಅನಿಸುತ್ತದೆ.

ಅದರ ಹಿಂದೆ ದೊಡ್ಡ ನೋವಿದೆ. 1949ರಿಂದ 1976ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದುವೆಯಾಗದ ತಾಯಂದಿರ ಸುಮಾರು 1,85,000 ಮಕ್ಕಳು ದತ್ತು ಹೋದರು ಎಂದು ಇಲ್ಲಿನ ಸಂಸತ್ತಿನ ಸಮಿತಿಯೇ 2022ರಲ್ಲಿ ಹೇಳಿದೆ. ಎಷ್ಟೋ ತಾಯಂದಿರು ಮನಸಾರೆ ಕೊಟ್ಟವರಲ್ಲ. ನಾಚಿಕೆ, ಬಡತನ, ಮನೆಯವರ ಒತ್ತಾಯ ಕೊಡಿಸಿದವು. ಆಮೇಲೆ ಆ ಮಾತನ್ನೇ ಎತ್ತುವಂತಿರಲಿಲ್ಲ.

1975ರ ಕಾನೂನಿನಿಂದ, 18 ತುಂಬಿದ ದತ್ತು ಮಕ್ಕಳಿಗೆ ತಮ್ಮ ಮೂಲ ಜನನ ಪತ್ರ ಪಡೆಯುವ ಹಕ್ಕು ಸಿಕ್ಕಿತು. ಪತ್ರದಲ್ಲಿ ತಾಯಿಯ ಹೆಸರಿದೆ, ಹಳೆಯ ವಿಳಾಸವಿದೆ. ಮುಂದೇನು? ಆಕೆಗೀಗ ಗಂಡ, ಮಕ್ಕಳು ಇರಬಹುದು. ಅವರಿಗೆ ಏನೂ ಗೊತ್ತಿಲ್ಲದೇ ಇರಬಹುದು. ನೇರವಾಗಿ ಹೋಗಿ ನಿಂತರೆ ಇಬ್ಬರಿಗೂ ಕಷ್ಟ ಅಲ್ವಾ? ನಾರ್ಕ್ಯಾಪ್ ಕೈಹಾಕಿದ್ದು ಇಲ್ಲಿ. ಎರಡೂ ಕಡೆಯವರು ಹೆಸರು ಬರೆಸುವ ಒಂದು ಪಟ್ಟಿ, ಮಾತಾಡಿಸುವ ಮಧ್ಯದ ಒಬ್ಬ ಮನುಷ್ಯ, ಸಿಕ್ಕರೂ ಸಿಗದಿದ್ದರೂ ಜೊತೆಗಿರುವ ಸಮಾಲೋಚಕರು. 1991ರಲ್ಲಿ ಸರ್ಕಾರವೂ ಇಂಥದ್ದೇ ಪಟ್ಟಿ ತೆರೆಯಿತು. ಅಧಿಕೃತ ಮಧ್ಯಸ್ಥರ ಮೂಲಕ ಮಗುವನ್ನು ಹುಡುಕಿಸುವ ದಾರಿ ಕಾನೂನಿನಲ್ಲಿ ಹೆತ್ತ ತಾಯಿಗೆ ತೆರೆದದ್ದು ಮಾತ್ರ 2005ರ ಕೊನೆಗೆ. ಅಷ್ಟು ತಡವಾಗಿದ್ದು ನನಗೆ ಇಂದಿಗೂ ಸಂಕಟ ತರುತ್ತದೆ.

ನಮ್ಮ ಕಡೆ ಅಕ್ಕನ ಮಗುವನ್ನು ತಂಗಿ ಸಾಕಿದರೆ ಊರಿಗೆಲ್ಲ ಗೊತ್ತಿರುತ್ತದೆ. ಮಗು ಇಬ್ಬರನ್ನೂ ಅಮ್ಮ ಅನ್ನುತ್ತದೆ. ಸಂಸ್ಥೆಯ ಮೂಲಕ ಹೋದ ಮಗುವಿನ ದಾರಿ ಬೇರೆ. ಈಗಿನ ಕೇಂದ್ರದ ದತ್ತು ನಿಯಮದಂತೆ ದೊಡ್ಡವರಾದ ದತ್ತು ಮಕ್ಕಳು ತಮ್ಮ ಮೂಲದ ಮಾಹಿತಿ ಕೇಳಬಹುದು. ಆದರೆ ಅವರ ಪರವಾಗಿ ಮೂರನೆಯವರು ಹುಡುಕುವಂತಿಲ್ಲ. ಹೆತ್ತ ತಾಯಿಯ ಗುಟ್ಟು ಕಾಯಲು ಈ ಎಚ್ಚರ ಬೇಕು, ಒಪ್ಪುತ್ತೇನೆ. ಆದರೆ ನಮ್ಮ ಕರ್ನಾಟಕದಿಂದ ದತ್ತು ಹೋಗಿ ಯುರೋಪಿನಲ್ಲಿ ಬೆಳೆದು, ಕನ್ನಡದ ಒಂದು ಮಾತೂ ಬಾರದೆ ಬೆಂಗಳೂರಿಗೆ ಬಂದ ಹುಡುಗಿ ಯಾರ ಮನೆಗೆ ಹೋಗಿ ಏನಂತ ಕೇಳಬೇಕು? ಹಳ್ಳಿಯಲ್ಲಿ ಆಕೆಯನ್ನು ಹೆತ್ತವಳು ತನ್ನ ಕಡೆಯಿಂದ ಯಾರನ್ನು ಕೇಳಬೇಕು?

ರಾಜ್ಯದ ದತ್ತು ಸಂಪನ್ಮೂಲ ಸಂಸ್ಥೆಯಲ್ಲೇ ಅಂಥ ಪಟ್ಟಿ ಇರಲಿ. ತರಬೇತಾದ ಸಮಾಲೋಚಕಿಯರೇ ಮಧ್ಯದಲ್ಲಿ ಮಾತಾಡಲಿ, ಅದೂ ಉಚಿತವಾಗಿ. ತಾಯಿ ಒಪ್ಪದೆ ಅವಳ ವಿಳಾಸ ಯಾರ ಕೈಗೂ ಹೋಗದಿರಲಿ. ಇಂಗ್ಲೆಂಡಿನ ಸರ್ಕಾರಿ ಪಟ್ಟಿಯಲ್ಲಿ ಸಂಪರ್ಕ ಬೇಡ ಎಂದೂ ಬರೆಸಬಹುದು. ನಮ್ಮಲ್ಲೂ ‘ಬೇಕು’, ‘ಬೇಡ’ ಎರಡಕ್ಕೂ ಜಾಗ ಇರಬೇಕು.