ಆರೋಗ್ಯಕ್ಕೆಂದು ಮಾಡಿದ ಸ್ಕೋನ್

ತಿನ್ನುವ ಆಸೆಯೂ ಬಿಡದೆ, ತಿಂದೆನಲ್ಲಾ ಎಂಬ ಕೊರಗೂ ಬಿಡದೆ ಒದ್ದಾಡುವ ನನ್ನಂಥವರಿಗೆ ಹೇಳಿ ಮಾಡಿಸಿದ್ದು ‘ಹೆಲ್ದಿ ಬೇಕಿಂಗ್’. ಮೈದಾ ಅರ್ಧ ತೆಗೆದು ಗೋಧಿ ಹಿಟ್ಟು ಸುರಿ, ಸಕ್ಕರೆ ಡಬ್ಬಿ ಮುಚ್ಚಿ ಖರ್ಜೂರ, ಒಣದ್ರಾಕ್ಷಿ ಹಾಕು, ಆಮೇಲೆ ಎಷ್ಟು ತಿಂದರೂ ಲೆಕ್ಕಕ್ಕಿಲ್ಲ. ಇದಕ್ಕೆ ಇಂಗ್ಲಿಷರು ಟೀ ಜೊತೆ ತಿನ್ನುವ, ಒಣಹಣ್ಣು ಹಾಕಿದ ಪುಟ್ಟ ಬನ್ನಿನಂಥ ಫ್ರೂಟ್ ಸ್ಕೋನ್‌ನಷ್ಟು ಒಗ್ಗುವ ತಿಂಡಿ ಮತ್ತೊಂದಿಲ್ಲವಂತೆ. ಯೀಸ್ಟ್ ಬೇಡ, ನಾದುವುದು ಬೇಡ, ಅರ್ಧ ಗಂಟೆಯಲ್ಲಿ ತಟ್ಟೆಗೆ. ಹೀಗೆ ಹೇಳುವವರೆಲ್ಲ ಮನೆಯಲ್ಲಿ ಒಬ್ಬರೇ ಇದ್ದಾಗ ಸ್ಕೋನ್ ಮಾಡುತ್ತಾರೆಂದು ನನ್ನ ಗುಮಾನಿ.

ನಮ್ಮವರು ಒಲೆ ಮುಂದೆ ನಿಂತವರಲ್ಲ, ಒಲೆಯ ಬಗ್ಗೆ ಓದಿಕೊಂಡವರು. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಫ್ರಿಜ್ಜಿನಿಂದ ಬೆಣ್ಣೆ ತೆಗೆದುಕೊಂಡು ಬಂದು, “ಎಲ್ಲ ಗುಟ್ಟೂ ಇದರಲ್ಲೇ ಇರೋದು ಕಣೇ” ಎಂದು ಶುರು ಮಾಡಿದರು. ಬೆಣ್ಣೆಯೆಂದರೆ ಬರೀ ಜಿಡ್ಡಲ್ಲವಂತೆ, ಅದರಲ್ಲಿ ಶೇಕಡಾ 16ರ ಆಸುಪಾಸು ನೀರೇ ಇರುತ್ತದಂತೆ. ತಣ್ಣನೆಯ ಬೆಣ್ಣೆ ಚೂರುಚೂರಾಗಿ ಹಿಟ್ಟಿನೊಳಗೆ ಉಳಿದರೆ, ಓವನ್ನಿನ ಕಾವಿಗೆ ಆ ನೀರು ಹಬೆಯಾಗಿ ಹಿಟ್ಟನ್ನು ಮೇಲಕ್ಕೆತ್ತಿ ಪದರ ಬಿಡಿಸುತ್ತದೆ. ಮೊದಲೇ ಕರಗಿತೋ, ಹಿಟ್ಟು ಅದನ್ನು ಕುಡಿದು ತೆಪ್ಪಗೆ ಕೂರುತ್ತದೆ. ವಿವರಣೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಅಷ್ಟು ಹೊತ್ತೂ ಬೆಣ್ಣೆಯ ಗಟ್ಟಿ ಅವರ ಅಂಗೈಯಲ್ಲೇ ಇತ್ತು. “ಆದ್ದರಿಂದ...” ಎಂದು ಕೈ ಮೇಲೆತ್ತುವ ಹೊತ್ತಿಗೆ ಮಣಿಕಟ್ಟಿನಿಂದ ಇಳಿದ ಹಳದಿ ಹನಿಯೊಂದು ಮೊಣಕೈ ತನಕ ಬಂದು, ಒಂದು ಕ್ಷಣ ತೂಗಾಡಿ, ಅವರ ಕಾಲ ಹೆಬ್ಬೆರಳ ಮೇಲೆ ಬಿತ್ತು.

“ರೀ, ಅದನ್ನ ಫ್ರೀಜರಿಗೆ ಹಾಕಿ. ನೀವು ಹಾಲ್‌ಗೆ ಹೋಗಿ.”

ಬೆಣ್ಣೆ ಫ್ರೀಜರಿಗೆ ಹೋಯಿತು, ಅವರು ಹೋಗಲಿಲ್ಲ.

ಅದು ಗಟ್ಟಿಯಾಗುವ ತನಕ ಬೇಕಿಂಗ್ ಪೌಡರನ್ನು ಪರೀಕ್ಷಿಸೋಣವೆಂದು ಡಬ್ಬಿ ತೆಗೆದೆ. ಪುಡಿ ಜೀವಂತವಾಗಿದೆಯೋ ಇಲ್ಲವೋ ನೋಡಲು ಒಂದು ಚಮಚ ಬಿಸಿನೀರಿಗೆ ಹಾಕಿದರೆ ಸಾಕು, ಭರ್ರೆಂದು ನೊರೆ ಉಕ್ಕಬೇಕು. ನಮ್ಮ ಪುಡಿಯಿಂದ ಒಂದೇ ಒಂದು ಗುಳ್ಳೆ ಎದ್ದಿತು, ಅದೂ ಮರ್ಯಾದೆಗೆ. ಹೊಸ ಡಬ್ಬಿ ತರಲು ಹೊರಟ ಇವರಿಗೆ ಬಾಗಿಲಲ್ಲೇ ಒಂದು ಕಥೆ ಹೇಳಿದೆ, ನಾನೂ ಒಂದಿಷ್ಟು ಓದಿಕೊಂಡವಳೇ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬಾತನ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ. 1837ರಲ್ಲಿ ಅವನು ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. ಆಕೆಗೆ ಯೀಸ್ಟೂ ಆಗದು ಎಂದು ಗೊತ್ತಾಗಿ 1843ರಲ್ಲಿ ಬೇಕಿಂಗ್ ಪೌಡರನ್ನೂ ಮಾಡಿಕೊಟ್ಟ. “ಹೆಂಡತಿಗೋಸ್ಕರ ಒಬ್ಬೊಬ್ಬರು ಏನೇನು ಮಾಡ್ತಾರೆ ನೋಡಿ!” ಅಂದೆ. “ಅವನಿಗೆ ಸ್ವಂತ ಔಷಧಿ ಅಂಗಡಿ ಇತ್ತು” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಬೆಣ್ಣೆಯನ್ನು ಹಿಟ್ಟಿಗೆ ಉಜ್ಜುವ ಕೆಲಸ ಬೆರಳ ತುದಿಯದು. ಅಂಗೈ ಬೆಚ್ಚಗಿರುತ್ತದೆ, ಅದನ್ನು ತಾಗಿಸಬಾರದು. ಹಿಟ್ಟು ರವೆರವೆಯಾಗಿ ಉದುರುವ ತನಕ ಉಜ್ಜುತ್ತಿರಬೇಕು. ಹಿಟ್ಟು ಮೆತ್ತಿದ ಕೈಗೂ ಫೋನಿಗೂ ಅದೇನು ಋಣಾನುಬಂಧವೋ, ಇಡೀ ದಿನ ಕೇಳುವವರಿಲ್ಲದೆ ಬಿದ್ದಿದ್ದ ಫೋನು ಆಗಲೇ ಬಡಿದುಕೊಳ್ಳಬೇಕು, ಮೂಗು ಆಗಲೇ ತುರಿಸಬೇಕು. ಮೊಣಕೈಯಿಂದ ಫೋನಿನ ಸ್ಪೀಕರ್ ಒತ್ತಿದರೆ ಅತ್ತಲಿಂದ ಇವರು, “ಬೇಕಿಂಗ್ ಸೋಡಾನೂ ಇದೆ ಕಣೇ, ತರ್ಲಾ?” ಬೇಡವೆಂದು ಕಿರುಚಿದೆ. ಹುಳಿ ಮಜ್ಜಿಗೆ ಹಾಕುವುದಾದರೆ ಚಿಟಿಕೆ ಸೋಡಾ ಸರಿ, ಹೆಚ್ಚಾದರೆ ಸೋಪು ನೆಕ್ಕಿದ ರುಚಿ.

ಇತ್ತ ಮಗಳು ಹಣ್ಣಿನ ಉಸ್ತುವಾರಿ ವಹಿಸಿಕೊಂಡಿದ್ದಳು. ಒಣದ್ರಾಕ್ಷಿ, ಖರ್ಜೂರ, ಏಪ್ರಿಕಾಟ್ ಚೂರುಗಳನ್ನು ಬಿಸಿ ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿದ್ದೆ. ಹಾಗೆ ನೆನೆಸಿದರೆ ಅವು ಮೆತ್ತಗಾಗಿ, ಹಿಟ್ಟಿನ ತೇವ ಹೀರುವುದನ್ನು ಬಿಡುತ್ತವೆ. “ನೆಂದಿದೆಯಾ ನೋಡು” ಎಂದದ್ದೇ ತಡ, ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದಳು. ಬಟ್ಟಲು ನನ್ನ ಕೈಸೇರುವ ಹೊತ್ತಿಗೆ ಏಪ್ರಿಕಾಟ್ ವಂಶನಾಶವಾಗಿ, ದ್ರಾಕ್ಷಿಗಳು ಮಾತ್ರ ತಳದಲ್ಲಿ ಉಳಿದಿದ್ದವು. “ಎಲ್ಲಾ ನೆಂದಿದೆ ಅಮ್ಮಾ” ಎಂದು ವರದಿ ಒಪ್ಪಿಸಿದಳು.

ಗೋಧಿ ಹಿಟ್ಟಿನ ಸ್ವಭಾವವೇ ಬೇರೆ. ಅದರ ತೌಡು ಹಾಲನ್ನು ನಿಧಾನವಾಗಿ ಕುಡಿಯುತ್ತದೆ. ಕಲಸಿದ ಕೂಡಲೇ ಕೈಗೆಲ್ಲ ಅಂಟುತ್ತದೆ, ಅದನ್ನು ನೋಡಿ ಗಾಬರಿಯಾಗಿ ಒಣಹಿಟ್ಟು ಉದುರಿಸಬಾರದು. ಹತ್ತು ನಿಮಿಷ ಅದರ ಪಾಡಿಗೆ ಬಿಟ್ಟರೆ ತಾನೇ ಹದಕ್ಕೆ ಬರುತ್ತದೆ. ಈ ಬಿಡುವುದೆಂಬ ಕೆಲಸ ನಮ್ಮ ಮನೆಯಲ್ಲಿ ಯಾರಿಂದಲೂ ಆಗುವುದಿಲ್ಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಅಂಗಡಿಯಿಂದ ಬಂದಿದ್ದ ಇವರು “ತುಂಬಾ ನೀರಾಗಿತ್ತು, ಸರಿ ಮಾಡಿದೆ” ಅಂದರು. ಕೈಯಲ್ಲಿ ಹಿಟ್ಟಿನ ಡಬ್ಬಿ. ಮತ್ತೆ ಹಾಲು. ಆ ಹಾಲು ತುಸು ಹೆಚ್ಚಾಯಿತೆಂದು ಮತ್ತೆ ಹಿಟ್ಟು. ಒಟ್ಟಿನಲ್ಲಿ ಬೋಗುಣಿ ತುಂಬಿತು.

ಒಂದಂಗುಲ ದಪ್ಪಕ್ಕೆ ತಟ್ಟಿ, ಕಟರನ್ನು ನೆಟ್ಟಗೆ ಒತ್ತಿ ನೆಟ್ಟಗೆ ಎತ್ತಬೇಕು. ತಿರುಚಿದರೆ ಅಂಚು ಮುಚ್ಚಿಕೊಂಡು, ಸ್ಕೋನ್ ಒಂದೇ ಮಗ್ಗುಲಿಗೆ ಏಳುತ್ತದೆ. ಇದನ್ನು ನಾನು ಹೇಳಿದೆ, ಮಗಳು ಹೇಳಿದಳು, ಕಟರ್ ಹಿಡಿದಿದ್ದ ಇವರೇ ಮೂರನೆಯವರಾಗಿ ಹೇಳಿದರು. ಹೇಳುತ್ತಲೇ ತಿರುಚಿದರು. ಓವನ್ನಿನ ಗಾಜಿನಲ್ಲಿ ಇಣುಕಿದರೆ ತಟ್ಟೆಯಲ್ಲಿದ್ದವೆಲ್ಲ ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟಂತೆ ಎಡಕ್ಕೆ ವಾಲಿಕೊಂಡು ಉಬ್ಬುತ್ತಿದ್ದವು. ಮೇಲೆ ತಲೆ ಎತ್ತಿದ್ದ ದ್ರಾಕ್ಷಿಗಳು ಉಬ್ಬಿ, ಕಪ್ಪಾಗಿ, ಕಹಿಯಾಗುವ ಹಾದಿಯಲ್ಲಿದ್ದವು. ಅವನ್ನು ಹಿಟ್ಟಿನೊಳಕ್ಕೆ ಒತ್ತಿ ಮುಚ್ಚುವ ಕೆಲಸ ಮಗಳದ್ದಾಗಿತ್ತು. ಅವಳು ಆಗಲೂ ಏನನ್ನೋ ಅಗಿಯುತ್ತಿದ್ದಳು.

220 ಡಿಗ್ರಿಯಲ್ಲಿ 12ರಿಂದ 15 ನಿಮಿಷ, ‘ಹೊಂಬಣ್ಣ ಬಂದಾಗ ತೆಗೆಯಿರಿ’ ಎನ್ನುತ್ತಾರೆ. ಮೈದಾ ಸ್ಕೋನಿಗೆ ಸರಿ. ಗೋಧಿಯದು ಒಳಗೆ ಹೋಗುವಾಗಲೇ ಕಂದು, ಹೊಂಬಣ್ಣ ಯಾವಾಗ ಬಂತೆಂದು ಯಾರಿಗೆ ಗೊತ್ತು? ತಿರುಗಿಸಿ ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದೇ ಲೆಕ್ಕ. ತಟ್ಟಿದೆ. “ಅಪ್ಪನ ತಲೆ ಮೇಲೆ ಮೊಟಕಿದ್ರೆ ಬರುತ್ತಲ್ಲ, ಆ ಥರ ಸದ್ದಾ?” ಎಂದಳು ಮಗಳು. ಬಂತು.

ಸಕ್ಕರೆ ಒಂದು ಕಾಳೂ ಹಾಕದ, ಅರ್ಧ ಗೋಧಿಯ, ನಾರಿನಂಶ ತುಂಬಿದ ಸ್ಕೋನುಗಳು ಮೇಜಿಗೆ ಬಂದವು. ಜೊತೆಗೆ ಜಾಮ್ ಬಾಟಲಿ, ಗಟ್ಟಿ ಕ್ರೀಮ್. ಸಪ್ಪೆ ಅನಿಸಿದರೆ ಇರಲಿ ಎಂದು ಜೇನುತುಪ್ಪವೂ. ಇಂಗ್ಲೆಂಡಿನ ಡೆವನ್ನಿನವರು ಮೊದಲು ಕ್ರೀಮ್ ಸವರಿ ಮೇಲೆ ಜಾಮ್ ಹಾಕುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್, ಆಮೇಲೆ ಕ್ರೀಮ್. ಈ ವಿಷಯಕ್ಕೆ ಅಲ್ಲಿ ಇವತ್ತಿಗೂ ವಾಗ್ವಾದವಿದೆ ಎಂದು ಇವರು ಎರಡು ಅರ್ಧಗಳನ್ನು ಎರಡು ಥರ ಮಾಡಿಕೊಂಡರು. ನಿಷ್ಪಕ್ಷಪಾತವಾಗಿ ತೀರ್ಪು ಕೊಡಲು ಇನ್ನೆರಡು ಬೇಕೆಂದರು.

“ರೀ, ಜಾಮ್ ಸಾಕು.”

“ಸ್ಕೋನಿಗೆ ಸಕ್ಕರೆ ಹಾಕಿಲ್ವಲ್ಲ ಕಣೇ, ಅದಕ್ಕೇ.”

ನಾನೂ ಅದೇ ಲೆಕ್ಕದ ಮೇಲೆ ಮೂರನೇ ಚಮಚ ಹಾಕಿಕೊಳ್ಳುತ್ತಿದ್ದೆನಾದ್ದರಿಂದ ಮಾತು ಬೆಳೆಸಲಿಲ್ಲ. ಮಗಳು ಬಾಟಲಿಯ ತಳ ಕೆರೆಯುತ್ತಾ ಅಂದಳು: “ಅಮ್ಮಾ, ಮುಂದಿನ ಸಲ ಸಕ್ಕರೆ ಒಳಗೇ ಹಾಕಿಬಿಡು. ಜಾಮ್ ಆದ್ರೂ ಉಳಿಯುತ್ತೆ.”